ಡಿಸ್ಕ್ ತುಂಬಿತು, ಅಪ್‌ಡೇಟ್ ನಿಂತಿತು

(ಸಣ್ಣ ಕಚೇರಿ, ಶಾಲೆ, ಪತ್ರಿಕೆಗಳ ಲಿನಕ್ಸ್ ಸರ್ವರ್ ನೋಡಿಕೊಳ್ಳುವವರ ಮುಂದೆ ಆಡಿದ ಮಾತಿನ ಬರಹ ರೂಪ. ಕಮಾಂಡ್‌ಗಳನ್ನು ಅಲ್ಲಿ ಬಾಯಲ್ಲಿ ಹೇಳಿದ ಹಾಗೇ ಬರೆದಿದ್ದೇನೆ. ಬೇರೆ ಹೇಳದಿದ್ದರೆ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಟೈಪ್ ಮಾಡಿ.)

ಎಲ್ಲರಿಗೂ ನಮಸ್ಕಾರ.

ಸರ್ವರ್ ನೋಡಿಕೊಳ್ಳುವವರು ಸೇರಿದ ಕಡೆ ಎರಡು ದೂರು ಕೇಳಿಬರುತ್ತವೆ. ಒಂದು, ‘ಅಷ್ಟು ದೊಡ್ಡ ಲಾಗ್ ಫೈಲ್ ಅಳಿಸಿದೆ, ಆದರೂ ಡಿಸ್ಕ್ ತುಂಬಿದೆ ಅಂತಾನೇ ತೋರಿಸ್ತಿದೆ.’ ಇನ್ನೊಂದು, ‘ಸೆಕ್ಯುರಿಟಿ ಅಪ್‌ಡೇಟ್ ಹಾಕಿದೆ, ಆದರೂ ಹಳೇ ತೂತು ಹಾಗೇ ಇದೆಯಂತೆ.’ (ಲಾಗ್ ಅಂದರೆ ಪ್ರೋಗ್ರಾಂ ತನ್ನ ಕೆಲಸದ ವಿವರ ಬರೆದಿಡುವ ಫೈಲ್. ಪ್ಯಾಕೇಜ್ ಅಂದರೆ ಹಾಕಲು ಸಿದ್ಧವಾಗಿ ಬರುವ ಸಾಫ್ಟ್‌ವೇರ್ ಕಟ್ಟು.) ಮೊದಲನೆಯದನ್ನು ಸ್ಟೋರೇಜ್ ಸಮಸ್ಯೆ ಅಂತೀವಿ, ಎರಡನೆಯದನ್ನು ಪ್ಯಾಕೇಜ್ ಸಮಸ್ಯೆ ಅಂತೀವಿ. ನಿಜ ಹೇಳಬೇಕೆಂದರೆ ಎರಡಕ್ಕೂ ಬೇರು ಒಂದೇ. ಇವತ್ತು ಮುಖ್ಯವಾಗಿ ಆ ಬೇರನ್ನು ತೋರಿಸಬೇಕು ಅಂತ ಬಂದಿದ್ದೇನೆ.

ಲಿನಕ್ಸ್‌ನಲ್ಲಿ ಫೈಲಿನ ಹೆಸರು ಬೇರೆ, ಫೈಲ್ ಬೇರೆ. ಯುನಿಕ್ಸ್‌ನ ಮೊದಲ ದಿನಗಳಿಂದಲೂ ಹೀಗೇ ಇದೆ. ಫೋಲ್ಡರ್ ಅಂದರೆ ಒಂದು ಪಟ್ಟಿ ಅಷ್ಟೇ. ಒಂದು ಕಡೆ ಹೆಸರು, ಪಕ್ಕದಲ್ಲಿ ಒಂದು ನಂಬರ್. ಆ ನಂಬರಿನ ಹಿಂದೆ ಐನೋಡ್ ಎನ್ನುವ ದಾಖಲೆ ಇರುತ್ತದೆ. ಫೈಲ್ ಯಾರದ್ದು, ಎಷ್ಟು ದೊಡ್ಡದು, ಡಿಸ್ಕ್‌ನ ಯಾವ ಯಾವ ಬ್ಲಾಕ್‌ನಲ್ಲಿದೆ, ಎಲ್ಲವೂ ಅದರಲ್ಲಿ. ಹೆಸರೊಂದು ಇರುವುದಿಲ್ಲ. ನೀವು ಅಳಿಸಲು ಆರ್‌ಎಂ ಕಮಾಂಡ್ ಕೊಟ್ಟಾಗ ಹೋಗುವುದು ಪಟ್ಟಿಯ ಒಂದು ಸಾಲು ಮಾತ್ರ. ಆ ಐನೋಡ್‌ಗೆ ಬೇರೆ ಹೆಸರೂ ಉಳಿದಿಲ್ಲ, ಯಾವ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಕೂಡ ಅದನ್ನು ತೆರೆದು ಹಿಡಿದುಕೊಂಡಿಲ್ಲ ಅಂತಾದ ಮೇಲಷ್ಟೇ ಲಿನಕ್ಸ್‌ನ ತಿರುಳಾದ ಕರ್ನಲ್ ಜಾಗ ಬಿಡಿಸುತ್ತದೆ. ಪಹಣಿಯಿಂದ ಹೆಸರು ತೆಗೆಸಿದ ಮಾತ್ರಕ್ಕೆ ಹೊಲ ಉಳುತ್ತಿರುವವನು ಎದ್ದು ಹೋಗುತ್ತಾನಾ? ಹಾಗೆ.

ಹೆಸರಿನ ವಿಷಯ ಬಂತು ಅಂತ ಒಂದು ಮಾತು. ನಮ್ಮಲ್ಲಿ ಫೈಲಿಗೆ ಕನ್ನಡದಲ್ಲೇ ಹೆಸರಿಡುವವರು ಈಗ ಜಾಸ್ತಿ. ಇಡಿ, ತೊಂದರೆ ಇಲ್ಲ. ಆದರೆ ಎಕ್ಸ್ಟ್4 ಫೈಲ್‌ಸಿಸ್ಟಮ್‌ನಲ್ಲಿ, ಅಂದರೆ ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಆ ವ್ಯವಸ್ಥೆಯಲ್ಲಿ, ಒಂದು ಹೆಸರಿಗೆ 255 ಬೈಟ್ ಮಿತಿ ಇದೆ. ಅಕ್ಷರ ಅಲ್ಲ, ಬೈಟ್. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ‘ಸ್ತ್ರೀ’ ಅಂತ ಬರೆದರೆ ನಮ್ಮ ಕಣ್ಣಿಗೆ ಒಂದೇ ಅಕ್ಷರ. ಒಳಗೆ ಸ, ವಿರಾಮ, ತ, ವಿರಾಮ, ರ, ದೀರ್ಘ, ಒಟ್ಟು 6 ಸಂಕೇತ, 18 ಬೈಟ್. ಸ್ಕ್ಯಾನ್ ಮಾಡಿದ ಪುಸ್ತಕಕ್ಕೆ ಪೂರ್ತಿ ಶೀರ್ಷಿಕೆ, ಲೇಖಕರು, ಪ್ರಕಾಶಕರು ಎಲ್ಲ ಸೇರಿಸಿ ಹೆಸರಿಟ್ಟರೆ ‘ಹೆಸರು ಉದ್ದವಾಯಿತು’ ಅಂತ ಕಾಪಿ ಅರ್ಧಕ್ಕೇ ನಿಲ್ಲುವುದು ಇದಕ್ಕೇ. ಡಿಸ್ಕ್ ಖಾಲಿ ಇದ್ದರೂ ನಿಲ್ಲುತ್ತದೆ.

ಸರಿ, ಮೊದಲ ದೂರಿಗೆ ಬರೋಣ. 40 ಜಿಬಿ ಡಿಸ್ಕ್‌ನ ಒಂದು ಸರ್ವರ್ ಅಂತ ಇಟ್ಟುಕೊಳ್ಳಿ. ಡಿಎಫ್ ಹೈಫನ್ ಎಚ್ ಕೊಟ್ಟರೆ ಪೂರ್ತಿ ತುಂಬಿದೆ ಅನ್ನುತ್ತದೆ. ಡಿಯು ಹೈಫನ್ ಎಕ್ಸ್‌ಎಸ್‌ಎಚ್ ಕೊಟ್ಟು ರೂಟ್‌ನಿಂದ, ಅಂದರೆ ಎಲ್ಲಕ್ಕೂ ಮೇಲಿನ ಫೋಲ್ಡರಿನಿಂದ, ಎಣಿಸಿದರೆ 15 ಜಿಬಿ ಮಾತ್ರ ಸಿಗುತ್ತದೆ. ಉಳಿದದ್ದು ಎಲ್ಲಿ? ಎರಡೂ ಸುಳ್ಳು ಹೇಳುತ್ತಿಲ್ಲ. ಡಿಎಫ್ ನೇರವಾಗಿ ಫೈಲ್‌ಸಿಸ್ಟಮ್‌ನ ಲೆಕ್ಕ ಕೇಳುತ್ತದೆ. ಡಿಯು ಹೆಸರುಗಳ ಪಟ್ಟಿ ಹಿಡಿದು ಒಂದೊಂದೇ ಫೋಲ್ಡರ್ ತಿರುಗಿ ಕೂಡಿಸುತ್ತದೆ. ಹೆಸರಿಲ್ಲದ ಫೈಲ್ ಅದಕ್ಕೆ ಕಾಣುವುದೇ ಇಲ್ಲ.

ಹೆಸರಿಲ್ಲದವರನ್ನು ಹುಡುಕಲು ಎಲ್‌ಎಸ್‌ಒಎಫ್ ಇದೆ. ಮುಂದೆ ಪ್ಲಸ್ ಎಲ್ ಒಂದು ಅಂತ ಹಾಕಿ, ಆ ಎಲ್ ಮಾತ್ರ ದೊಡ್ಡಕ್ಷರ. ರೂಟ್ ಆಗಿ, ಅಂದರೆ ಪೂರ್ಣ ಅಧಿಕಾರದ ಬಳಕೆದಾರರಾಗಿ, ಓಡಿಸಿ, ಇಲ್ಲದಿದ್ದರೆ ನಿಮ್ಮ ಪ್ರೋಸೆಸ್‌ಗಳಷ್ಟೇ ಕಾಣುತ್ತವೆ. ತೆರೆದಿರುವ, ಆದರೆ ಒಂದು ಹೆಸರೂ ಉಳಿದಿಲ್ಲದ ಫೈಲ್‌ಗಳ ಪಟ್ಟಿ ಬರುತ್ತದೆ. ಸಾಲಿನ ಕೊನೆಯಲ್ಲಿ ಹಳೇ ಹೆಸರು, ಪಕ್ಕದಲ್ಲಿ ಕಂಸದೊಳಗೆ ‘ಡಿಲೀಟೆಡ್’ ಎಂದಿರುತ್ತದೆ. ಗಾತ್ರದ ಕಾಲಮ್ ನೋಡಿ. 24 ಜಿಬಿ ನುಂಗಿ ಕೂತವನು ಅಲ್ಲೇ ಸಿಗುತ್ತಾನೆ. ಬಹಳ ಸಲ ಅದು ಯಾರೋ ಕೈಯಾರೆ ಅಳಿಸಿದ ವೆಬ್ ಸರ್ವರ್ ಲಾಗ್, ಇಲ್ಲವೇ ಜಾವಾ ಅಪ್ಲಿಕೇಷನ್ನಿನ ಲಾಗ್. ಆ ಸರ್ವೀಸನ್ನು ರೀಸ್ಟಾರ್ಟ್ ಮಾಡಿದ ತಕ್ಷಣ ಜಾಗ ವಾಪಸ್.

ರೀಸ್ಟಾರ್ಟ್ ಮಾಡುವ ಹಾಗಿಲ್ಲ, ಕಚೇರಿ ಸಮಯ ಅಂದರೆ? ಪಟ್ಟಿಯಲ್ಲಿ ಪ್ರೋಸೆಸ್ ನಂಬರ್ ಇದೆ, ಫೈಲ್ ಡಿಸ್ಕ್ರಿಪ್ಟರ್ (ಆ ಪ್ರೋಸೆಸ್ ತೆರೆದ ಫೈಲಿನ ಗುರುತು) ನಂಬರ್ ಇದೆ. ಪ್ರಾಕ್ ಫೋಲ್ಡರ್ ಒಳಗೆ ಆ ಪ್ರೋಸೆಸ್ ನಂಬರ್, ಅದರೊಳಗೆ ಎಫ್‌ಡಿ, ಅದರೊಳಗೆ ಡಿಸ್ಕ್ರಿಪ್ಟರ್ ನಂಬರ್. ಆ ದಾರಿ ಹಿಡಿದು ಟ್ರಂಕೇಟ್ ಕಮಾಂಡ್‌ನಿಂದ ಗಾತ್ರವನ್ನು ಸೊನ್ನೆ ಮಾಡಬಹುದು. ಲಾಗ್ ಫೈಲಿಗೆ ಮಾತ್ರ ಈ ಕೆಲಸ. ಡೇಟಾಬೇಸಿನ ಫೈಲಿಗೆ ಮಾಡಿದರೆ ಮುಗೀತು.

ಇದರಿಂದ ಒಂದು ಅಭ್ಯಾಸ ಮಾಡಿಕೊಳ್ಳಬಹುದು. ಓಡುತ್ತಿರುವ ಸರ್ವೀಸಿನ ಲಾಗ್‌ಗೆ ಆರ್‌ಎಂ ಬೇಡ, ಟ್ರಂಕೇಟ್ ಸಾಕು. ಹಳೇ ಲಾಗ್ ಬದಿಗಿಟ್ಟು ಹೊಸದು ಶುರು ಮಾಡಿಸುವ ಲಾಗ್‌ರೊಟೇಟ್‌ನ ಕಾನ್ಫಿಗ್‌ನಲ್ಲಿ (ಸೆಟ್ಟಿಂಗ್ ಫೈಲಿನಲ್ಲಿ) ‘ಪೋಸ್ಟ್‌ರೊಟೇಟ್’ ಅನ್ನುವ ಭಾಗ ಯಾಕಿದೆ ಅಂತ ಈಗ ಹೊಳೆಯಿತಲ್ವಾ? ಲಾಗ್‌ರೊಟೇಟ್ ಹಳೇ ಫೈಲಿನ ಹೆಸರು ಬದಲಿಸುತ್ತದೆ. ಎಂಜಿನ್‌ಎಕ್ಸ್ ವೆಬ್ ಸರ್ವರ್ ಹಿಡಿದಿರುವುದು ಐನೋಡನ್ನು, ಹೆಸರನ್ನಲ್ಲ. ಹೇಳುವವರಿಲ್ಲದಿದ್ದರೆ ಹೆಸರು ಬದಲಾದ ಅದೇ ಫೈಲಿಗೆ ಬರೆಯುತ್ತಾ ಹೋಗುತ್ತದೆ. ಅದಕ್ಕೇ ಸಿಗ್ನಲ್ ಕಳಿಸಿ ‘ಹೊಸದನ್ನು ತೆರಿ’ ಅನ್ನುವುದು.

ಡಿಎಫ್ ಮತ್ತು ಡಿಯು ಹೊಂದದಿರಲು ಇನ್ನೊಂದು ಕಾರಣ ಇದೆ, ಇದು ಸ್ವಲ್ಪ ಕಳ್ಳ. ಬ್ಯಾಕಪ್ ಡಿಸ್ಕ್ ಯಾವುದೋ ರಾತ್ರಿ ಮೌಂಟ್ ಆಗಿರುವುದಿಲ್ಲ, ಅಂದರೆ ತನ್ನ ಫೋಲ್ಡರಿಗೆ ಜೋಡಣೆಯಾಗಿರುವುದಿಲ್ಲ. ಸ್ಕ್ರಿಪ್ಟ್‌ಗೆ ಅದು ಗೊತ್ತಿಲ್ಲ. ಖಾಲಿ ಮೌಂಟ್ ಫೋಲ್ಡರ್ ಒಳಗೇ, ಅಂದರೆ ರೂಟ್ ಡಿಸ್ಕ್‌ಗೇ, ಪೂರ್ತಿ ಬ್ಯಾಕಪ್ ಸುರಿಯುತ್ತದೆ. ಬೆಳಗ್ಗೆ ಯಾರೋ ಡಿಸ್ಕನ್ನು ಮೌಂಟ್ ಮಾಡುತ್ತಾರೆ. ಸುರಿದದ್ದೆಲ್ಲ ಅದರ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಎಲ್‌ಎಸ್‌ಒಎಫ್‌ನಲ್ಲೂ ಸಿಗಲ್ಲ. ರೂಟನ್ನು ಬೇರೊಂದು ಫೋಲ್ಡರಿಗೆ ಬೈಂಡ್ ಮೌಂಟ್ ಮಾಡಿ (ಅದೇ ಜಾಗ ಎರಡನೇ ದಾರಿಯಿಂದಲೂ ಕಾಣುವ ಹಾಗೆ ಮಾಡಿ) ಅಲ್ಲಿ ಡಿಯು ಓಡಿಸಿದರೆ ಅಡಿಯಲ್ಲಿರುವುದು ಕಾಣುತ್ತದೆ. ಬ್ಯಾಕಪ್ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ‘ಮೌಂಟ್‌ಪಾಯಿಂಟ್’ ಕಮಾಂಡ್ ಹಾಕಿ ಪರೀಕ್ಷಿಸಿದರೆ ಈ ತಲೆನೋವೇ ಇಲ್ಲ.

ಈಗ ಎರಡನೇ ದೂರು. ಡೆಬಿಯನ್, ಉಬುಂಟು ಎಂಬ ಲಿನಕ್ಸ್‌ಗಳಲ್ಲಿ ಪ್ಯಾಕೇಜ್ ತರುವುದು ಎಪಿಟಿ. ಎಪಿಟಿ ಅಪ್‌ಗ್ರೇಡ್ ಕೊಟ್ಟಾಗ ಒಳಗೆ ಅದನ್ನು ಬಿಚ್ಚಿ ಕೂರಿಸುವ ಕೆಲಸ ಮಾಡುವುದು ಡಿಪಿಕೆಜಿ. ಅದು ಹೊಸ ಲೈಬ್ರರಿಯನ್ನು (ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್ ಫೈಲನ್ನು) ಹಳೆಯದರ ಮೇಲೇ ಬರೆಯುವುದಿಲ್ಲ. ಪಕ್ಕದಲ್ಲಿ, ಹೆಸರಿನ ಕೊನೆಗೆ ‘ಡಾಟ್ ಡಿಪಿಕೆಜಿ ಹೈಫನ್ ನ್ಯೂ’ ಅಂತ ಸೇರಿಸಿ ಹೊಸ ಫೈಲ್ ಬಿಚ್ಚಿಡುತ್ತದೆ. ಆಮೇಲೆ ಒಂದೇ ಏಟಿಗೆ ಹೆಸರು ಬದಲಿಸಿ ಹಳೆಯದರ ಜಾಗಕ್ಕೆ ತರುತ್ತದೆ. ಓಡುತ್ತಿರುವ ಪ್ರೋಗ್ರಾಂ ಅರ್ಧ ಹಳೇದು ಅರ್ಧ ಹೊಸದು ಓದಿ ಬೀಳಬಾರದಲ್ಲ, ಅದಕ್ಕೆ. ಬಹಳ ಒಳ್ಳೆಯ ಕ್ರಮ. ಆದರೆ ಇದರಿಂದ ಎರಡು ಪರಿಣಾಮ. ಹೊಸದು ಹಳೆಯದು ಎರಡೂ ಸ್ವಲ್ಪ ಹೊತ್ತು ಡಿಸ್ಕ್‌ನಲ್ಲಿ ಒಟ್ಟಿಗೆ ಇರಬೇಕು, ಹಾಗಾಗಿ ‘ಇಷ್ಟು ಎಂಬಿ ಹೆಚ್ಚು ಬೇಕು’ ಅಂತ ಎಪಿಟಿ ಹೇಳಿದ್ದಕ್ಕಿಂತ ಜಾಸ್ತಿ ಜಾಗ ನಡುವೆ ಬೇಕಾಗಬಹುದು. ಎರಡನೆಯದು, ಬೆಳಗ್ಗೆಯಿಂದ ಓಡುತ್ತಿರುವ ಸರ್ವೀಸ್ ಹಳೇ ಲೈಬ್ರರಿಯ ಐನೋಡನ್ನೇ ಹಿಡಿದಿರುತ್ತದೆ. ಡಿಸ್ಕ್‌ನಲ್ಲಿ ಹೊಸದು ಕೂತಿದೆ, ಓಡುತ್ತಿರುವುದು ಹಳೇದು.

2014ರ ಏಪ್ರಿಲ್ 7ರಂದು ಹಾರ್ಟ್‌ಬ್ಲೀಡ್ ಹೊರಬಿತ್ತು. ವೆಬ್ ಸಂಪರ್ಕವನ್ನು ಗೂಢಲಿಪಿ ಮಾಡುವ ಓಪನ್ಎಸ್‌ಎಸ್‌ಎಲ್ ಲೈಬ್ರರಿಯ ತೂತು. ಹೊರಗಿನವರು ಸರ್ವರ್‌ನ ಮೆಮರಿಯ ತುಣುಕುಗಳನ್ನು ಓದಿಕೊಳ್ಳಬಹುದಿತ್ತು. ಪಾಸ್‌ವರ್ಡ್, ಖಾಸಗಿ ಕೀ, ಏನು ಸಿಕ್ಕರೆ ಅದು. ಪ್ಯಾಕೇಜ್ ಬೇಗನೇ ಬಂತು. ಆದರೆ ಪ್ಯಾಕೇಜ್ ಹಾಕಿದ ಮಾತ್ರಕ್ಕೆ ತೂತು ಮುಚ್ಚಲಿಲ್ಲ. ವೆಬ್ ಸರ್ವರ್, ಮೇಲ್ ಸರ್ವರ್, ವಿಪಿಎನ್, ಹೀಗೆ ಆ ಲೈಬ್ರರಿ ಹಿಡಿದಿದ್ದ ಎಲ್ಲವನ್ನೂ ರೀಸ್ಟಾರ್ಟ್ ಮಾಡಬೇಕಿತ್ತು. ಎಪಿಟಿ ‘ಎಲ್ಲ ಸರಿ’ ಅಂದರೂ ಪೋರ್ಟ್ 443ರಲ್ಲಿ, ಅಂದರೆ ಎಚ್‌ಟಿಟಿಪಿಎಸ್ ಬಾಗಿಲಲ್ಲಿ, ಕೂತಿರುವ ಪ್ರೋಸೆಸ್‌ಗೆ ಹಾಗನ್ನಿಸಬೇಕಲ್ಲ.

ಯಾರು ಹಳೇದನ್ನು ಹಿಡಿದಿದ್ದಾರೆ ಅಂತ ನೋಡುವುದು ಕಷ್ಟವಲ್ಲ. ಪ್ರಾಕ್ ಒಳಗೆ ಪ್ರೋಸೆಸ್ ನಂಬರ್, ಅದರೊಳಗೆ ಮ್ಯಾಪ್ಸ್ ಅನ್ನುವ ಫೈಲ್ ಓದಿ. ಲೈಬ್ರರಿಯ ಹೆಸರಿನ ಪಕ್ಕ ಅದೇ ‘ಡಿಲೀಟೆಡ್’ ಇರುತ್ತದೆ. ಮೊದಲ ದೂರಿನಲ್ಲಿ ನೋಡಿದ ಅದೇ ಗುರುತು. ಇದನ್ನೇ ಎಲ್ಲ ಪ್ರೋಸೆಸ್‌ಗಳಿಗೂ ಮಾಡಿ ಪಟ್ಟಿ ಕೊಡುವುದು ನೀಡ್‌ರೀಸ್ಟಾರ್ಟ್ ಎಂಬ ಪ್ಯಾಕೇಜ್. ಉಬುಂಟು 22.04ರಲ್ಲಿ ಅಪ್‌ಗ್ರೇಡ್ ಮುಗಿದಾಗ ಒಂದು ಪೆಟ್ಟಿಗೆ ಬಂದು ‘ಯಾವ ಸರ್ವೀಸ್ ರೀಸ್ಟಾರ್ಟ್ ಮಾಡಲಿ’ ಅಂತ ಕೇಳುತ್ತದಲ್ಲ, ಅದು ಇದೇ. ಸುಮ್ನೆ ಎಸ್ಕೇಪ್ ಒತ್ತಿ ಮುಂದೆ ಹೋಗುವವರನ್ನು ನೋಡಿದ್ದೇನೆ. ಅಪ್‌ಡೇಟ್‌ನ ಅರ್ಧ ಕೆಲಸ ಆ ಪೆಟ್ಟಿಗೆಯಲ್ಲಿದೆ. ಕರ್ನಲ್‌ನ ವಿಷಯ ಬೇರೆ, ಅದಕ್ಕೆ ರೀಬೂಟೇ ಬೇಕು. ವಾರ್ ರನ್ ಫೋಲ್ಡರಿನಲ್ಲಿ ‘ರೀಬೂಟ್ ರಿಕ್ವೈರ್ಡ್’ ಎಂಬ ಫೈಲ್ ಕಾಣಿಸಿಕೊಂಡರೆ ಬಾಕಿ ಇದೆ ಅಂತ ಅರ್ಥ.

ಡಿಸ್ಕ್ ತುಂಬಲು ಬೇರೆ ಕಾರಣಗಳನ್ನು ಸ್ವಲ್ಪ ಬೇಗ ನೋಡೋಣ.

ಮೊದಲು ಹೊಸಬರ ಗಾಬರಿ. ಉಬುಂಟುವಿನಲ್ಲಿ ಡಿಎಫ್ ಕೊಟ್ಟರೆ ಲೂಪ್0, ಲೂಪ್1 ಅಂತ ಸಾಲುಗಳು, ಎಲ್ಲವೂ ನೂರಕ್ಕೆ ನೂರು. ಅವು ಸ್ನ್ಯಾಪ್ ಪ್ಯಾಕೇಜ್‌ಗಳು. ಓದಲು ಮಾತ್ರ ಇರುವ, ಒತ್ತಿ ಕಟ್ಟಿದ ಡಿಸ್ಕ್ ಇಮೇಜ್‌ಗಳು, ಅಂದರೆ ಒಂದೇ ಫೈಲಿನೊಳಗೆ ತುಂಬಿದ ಪುಟ್ಟ ಡಿಸ್ಕ್‌ಗಳು. ಅವುಗಳಲ್ಲಿ ಖಾಲಿ ಜಾಗ ಇರುವುದೇ ಇಲ್ಲ, ಯಾವಾಗಲೂ ನೂರೇ. ಬಿಟ್ಟುಬಿಡಿ.

ಜಾಗ ಇದ್ದೂ ‘ಜಾಗ ಇಲ್ಲ’ ಅಂದರೆ ಡಿಎಫ್ ಹೈಫನ್ ಐ ಕೊಡಿ. ಐನೋಡ್ ಮುಗಿದಿರಬಹುದು. ಎಕ್ಸ್ಟ್4 ಮಾಡುವಾಗಲೇ ಐನೋಡ್‌ಗಳ ಸಂಖ್ಯೆ ನಿಗದಿಯಾಗುತ್ತದೆ, ಸಾಮಾನ್ಯವಾಗಿ 16 ಕೆಬಿಗೆ ಒಂದು. ಸಣ್ಣ ಸಣ್ಣ ಸೆಷನ್ ಫೈಲ್‌ಗಳು, ಹೋಗದೆ ಉಳಿದ ಮೇಲ್‌ಗಳು ಲಕ್ಷಗಟ್ಟಲೆ ಸೇರಿದರೆ ಐನೋಡ್ ಮೊದಲು ಖಾಲಿ. ಆಮೇಲೆ ಹೆಚ್ಚಿಸಬೇಕೆಂದರೆ ಡಿಸ್ಕನ್ನೇ ದೊಡ್ಡದು ಮಾಡಬೇಕು, ಇಲ್ಲವೇ ಹೊಸದಾಗಿ ಫಾರ್ಮ್ಯಾಟ್ ಮಾಡಬೇಕು. ಎಕ್ಸ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್‌ಸಿಸ್ಟಮ್‌ನಲ್ಲಿ ಐನೋಡ್ ಬೇಕಾದ ಹಾಗೆ ಹುಟ್ಟುತ್ತದೆ, ಈ ಕಾಟ ಕಡಿಮೆ.

ಎಕ್ಸ್ಟ್4 ರೂಟ್ ಬಳಕೆದಾರನಿಗೆಂದು 5 ಶೇಕಡ ಜಾಗ ಮೀಸಲಿಡುತ್ತದೆ. ರೂಟ್ ಪಾರ್ಟಿಷನ್‌ನಲ್ಲಿ ಅದು ಇರಲಿ. ಎಲ್ಲ ತುಂಬಿದಾಗ ಲಾಗಿನ್ ಆಗಿ ರಿಪೇರಿ ಮಾಡಲು ಅದೇ ಗತಿ. ಆದರೆ 4 ಟಿಬಿಯ ಬರೀ ಡೇಟಾ ಡಿಸ್ಕ್‌ನಲ್ಲಿ ಅದು 200 ಜಿಬಿ ಆಯಿತು. ಅಲ್ಲಿ ಟ್ಯೂನ್2ಎಫ್‌ಎಸ್ ಹೈಫನ್ ಎಂ ಒಂದು ಅಂತ ಕೊಟ್ಟು ಇಳಿಸಿ.

ಸಿಸ್ಟಮ್‌ನ ಲಾಗ್‌ಗಳನ್ನು ಕೂಡಿಡುವ ಸಿಸ್ಟಮ್‌ಡಿ ಜರ್ನಲ್ ತಾನಾಗಿ ಫೈಲ್‌ಸಿಸ್ಟಮ್‌ನ 10 ಶೇಕಡದವರೆಗೆ, ಗರಿಷ್ಠ 4 ಜಿಬಿವರೆಗೆ ಬೆಳೆಯುತ್ತದೆ. ಜರ್ನಲ್‌ಸಿಟಿಎಲ್ ಕಮಾಂಡ್‌ಗೆ ‘ವ್ಯಾಕ್ಯೂಮ್ ಸೈಜ್’ ಕೊಟ್ಟು ಇಳಿಸಬಹುದು, ಕಾನ್ಫಿಗ್‌ನಲ್ಲಿ ಮಿತಿಯನ್ನೂ ಹಾಕಬಹುದು. ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಡಬ್ಬಿಗಳಲ್ಲಿ ಓಡಿಸುವ ಡಾಕರ್ ಇದ್ದರೆ ಅದೇ ಮೊದಲ ಅನುಮಾನ. ಅದರ ಮಾಮೂಲಿ ಲಾಗ್ ಡ್ರೈವರ್‌ಗೆ ಗಾತ್ರದ ಮಿತಿಯೇ ಇಲ್ಲ. ಕಂಟೇನರ್ ಬದುಕಿರುವವರೆಗೂ ಬರೆಯುತ್ತಲೇ ಇರುತ್ತದೆ. ‘ಸಿಸ್ಟಮ್ ಪ್ರೂನ್’ ಓಡಿಸುವಾಗ ‘ವಾಲ್ಯೂಮ್ಸ್’ ಅನ್ನುವುದನ್ನು ಮಾತ್ರ ಯೋಚಿಸದೆ ಸೇರಿಸಬೇಡಿ. ನಿಲ್ಲಿಸಿದ್ದ ಡೇಟಾಬೇಸಿನ ಡೇಟಾ ಅಲ್ಲೇ ಇರಬಹುದು.

ಇನ್ನೊಂದನ್ನು ನೋಡಿದರೆ ಕೆಲವರಿಗೆ ಖುಷಿಯಾಗುತ್ತದೆ. ಉಬುಂಟು ಸರ್ವರ್ ಇನ್‌ಸ್ಟಾಲರ್ ಎಲ್‌ವಿಎಂ (ಡಿಸ್ಕ್ ಜಾಗವನ್ನು ಒಟ್ಟುಗೂಡಿಸಿ ಬೇಕಾದಂತೆ ಹಂಚುವ ಪದರ) ಹಾಕಿ, ಇರುವ ಜಾಗವನ್ನೆಲ್ಲ ರೂಟ್‌ಗೆ ಕೊಡುವುದಿಲ್ಲ. ಆ ಒಟ್ಟು ಜಾಗ, ಅಂದರೆ ವಾಲ್ಯೂಮ್ ಗ್ರೂಪ್, 20ರಿಂದ 200 ಜಿಬಿ ಒಳಗಿದ್ದರೆ ಅರ್ಧ ಕೊಡುತ್ತದೆ. 200 ದಾಟಿದರೆ ಬರೀ 100 ಜಿಬಿ. 500 ಜಿಬಿ ಡಿಸ್ಕ್ ಕೊಂಡು, 100 ತುಂಬಿತು ಅಂತ ಹೊಸ ಡಿಸ್ಕಿಗೆ ಕೊಟೇಶನ್ ತರಿಸುವ ಮೊದಲು ವಿಜಿಎಸ್ ಕಮಾಂಡ್ ಕೊಟ್ಟು ‘ವಿಫ್ರೀ’ ಕಾಲಮ್ ನೋಡಿ. ಎಲ್‌ವಿಎಕ್ಸ್‌ಟೆಂಡ್‌ಗೆ ಹೈಫನ್ ಆರ್ ಸೇರಿಸಿದರೆ ಲಾಜಿಕಲ್ ವಾಲ್ಯೂಮ್ (ಹಂಚಿಕೊಟ್ಟ ಪಾಲು) ಜೊತೆ ಫೈಲ್‌ಸಿಸ್ಟಮ್ ಕೂಡ ಹಿಗ್ಗುತ್ತದೆ, ಸರ್ವರ್ ನಿಲ್ಲಿಸುವ ಕೆಲಸವಿಲ್ಲ. ಎಲ್ಲವನ್ನೂ ಒಂದೇ ಸಲ ಕೊಟ್ಟುಬಿಡಬೇಡಿ ಅಂತ ನನ್ನ ಸಲಹೆ. ಹಿಗ್ಗಿಸುವುದು ಸುಲಭ. ಎಕ್ಸ್ಟ್4 ಕುಗ್ಗಿಸಲು ಅನ್‌ಮೌಂಟ್ ಮಾಡಬೇಕು, ಎಕ್ಸ್‌ಎಫ್‌ಎಸ್ ಕುಗ್ಗಿಸುವ ಆಸೆಯನ್ನೇ ಬಿಡಿ. ಗುಂಪಿನಲ್ಲಿ ಸ್ವಲ್ಪ ಖಾಲಿ ಇದ್ದರೆ ದೊಡ್ಡ ಅಪ್‌ಗ್ರೇಡ್‌ಗೆ ಮೊದಲು ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ಪ್ರತಿ) ತೆಗೆಯಬಹುದು.

ಡಿಸ್ಕ್ ಮತ್ತು ಅಪ್‌ಡೇಟ್ ನಿಜವಾಗಿ ಢಿಕ್ಕಿ ಹೊಡೆಯುವ ಜಾಗ ಬೂಟ್ ಪಾರ್ಟಿಷನ್, ಅಂದರೆ ಸರ್ವರ್ ಏಳಲು ಬೇಕಾದ ಫೈಲ್‌ಗಳಿರುವ ಭಾಗ. ಕರ್ನಲ್‌ನ ಪ್ರತಿ ಹೊಸ ಆವೃತ್ತಿಯೂ ಹೊಸ ಹೆಸರಿನ ಬೇರೆ ಪ್ಯಾಕೇಜ್. ಹಳೆಯದರ ಮೇಲೆ ಬರುವುದಿಲ್ಲ, ಪಕ್ಕದಲ್ಲಿ ಬರುತ್ತದೆ. ಹೊಸದು ಏಳದಿದ್ದರೆ ಹಳೆಯದರಿಂದ ಏಳಿಸಬಹುದು ಅಂತ. ಜೊತೆಗೆ ಒಂದೊಂದಕ್ಕೂ ಒಂದು ಇನಿಟ್‌ಆರ್‌ಡಿ ಫೈಲ್ (ಏಳುವ ಮೊದಲ ಹಂತಕ್ಕೆ ಬೇಕಾದ ಸಾಮಾನು) ತಯಾರಾಗುತ್ತದೆ, ಅದು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿದೆ. ಹಳೇ ಸರ್ವರ್‌ಗಳಲ್ಲಿ ಬೂಟ್‌ಗೆ ಅರ್ಧ ಜಿಬಿ ಕೂಡ ಇರುವುದಿಲ್ಲ. ಮೂರು ಕರ್ನಲ್ ಸೇರಿದರೆ ತುಂಬಿತು. ಇನಿಟ್‌ಆರ್‌ಡಿ ಅರ್ಧಕ್ಕೆ ನಿಲ್ಲುತ್ತದೆ, ಡಿಪಿಕೆಜಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಯಾವ ಪ್ಯಾಕೇಜ್ ಹಾಕಲು ಹೋದರೂ ಅದೇ ಎರರ್. ಸಂಬಂಧವೇ ಇಲ್ಲದ ಪಿಎಚ್‌ಪಿ ಅಪ್‌ಡೇಟ್ ಕೂಡ ನಿಂತಿರುತ್ತದೆ.

ಬಿಡಿಸುವ ದಾರಿ ಹೀಗೆ. ಮೊದಲು ಯುನೇಮ್ ಹೈಫನ್ ಆರ್, ಈಗ ಓಡುತ್ತಿರುವ ಕರ್ನಲ್ ಯಾವುದು ಅಂತ ಗುರುತು ಹಾಕಿಕೊಳ್ಳಿ. ಅದನ್ನು ಮುಟ್ಟಬೇಡಿ. ಎಪಿಟಿ ಆಟೋರಿಮೂವ್ ಕೆಲಸ ಮಾಡಿದರೆ ಅದೃಷ್ಟ. ಸಿಕ್ಕಿಕೊಂಡಿದ್ದರೆ ಎಪಿಟಿ ಹಟ ಮಾಡುತ್ತದೆ. ಆಗ ತೀರಾ ಹಳೇ ಕರ್ನಲ್ ಒಂದನ್ನು ಡಿಪಿಕೆಜಿಗೆ ಎರಡು ಹೈಫನ್ ಪರ್ಜ್ ಕೊಟ್ಟು ಪ್ಯಾಕೇಜ್ ಹೆಸರಿನಿಂದಲೇ ತೆಗೆಯಿರಿ. ಬೂಟ್ ಫೋಲ್ಡರಿಗೆ ಹೋಗಿ ಕೈಯಾರೆ ಫೈಲ್ ಅಳಿಸಿದರೆ, ಡಿಪಿಕೆಜಿಯ ಲೆಕ್ಕದಲ್ಲಿ ಆ ಕರ್ನಲ್ ಇನ್ನೂ ಇದ್ದ ಹಾಗೇ. ಜಾಗ ಆದ ಮೇಲೆ ಡಿಪಿಕೆಜಿಗೆ ಎರಡು ಹೈಫನ್ ಕಾನ್ಫಿಗರ್, ಜಾಗ ಬಿಟ್ಟು ಹೈಫನ್ ಎ ಕೊಡಿ, ಅರ್ಧಕ್ಕೆ ನಿಂತ ಕೆಲಸ ಮುಗಿಯುತ್ತದೆ.

ಅಪ್‌ಡೇಟ್ ಎಷ್ಟು ಬೇಗ ಹಾಕಬೇಕು ಅನ್ನುವುದರಲ್ಲಿ ಎರಡು ಪಕ್ಷ ಇದೆ. ‘ಓಡ್ತಾ ಇದೆ, ಮುಟ್ಟಬೇಡ’ ಅನ್ನುವವರು, ‘ಬಂದ ತಕ್ಷಣ ಹಾಕು’ ಅನ್ನುವವರು. ಸ್ಟೇಬಲ್, ಅಂದರೆ ಪರೀಕ್ಷೆ ಮುಗಿದು ನೆಲೆಗೊಂಡ, ಆವೃತ್ತಿಯ ಸೆಕ್ಯುರಿಟಿ ಅಪ್‌ಡೇಟ್‌ಗಳ ಮಟ್ಟಿಗೆ ನಾನು ಎರಡನೇ ಪಕ್ಷ. ಉಳಿದದ್ದಕ್ಕೆ ಅಷ್ಟು ಅವಸರ ಬೇಡ. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಫೈಲ್‌ಗಳನ್ನು ಒತ್ತಿ ಚಿಕ್ಕದು ಮಾಡುವ ಎಕ್ಸ್‌ಝಡ್ ಲೈಬ್ರರಿಯ 5.6.0 ಮತ್ತು 5.6.1ರಲ್ಲಿ ಹಿಂಬಾಗಿಲು ಇದೆ ಅಂತ ಬಹಿರಂಗ ಮಾಡಿದರು. ಎಸ್‌ಎಸ್‌ಎಚ್ (ದೂರದಿಂದ ಸರ್ವರ್ ಒಳಗೆ ಹೋಗುವ ದಾರಿ) ಲಾಗಿನ್ ಅರ್ಧ ಸೆಕೆಂಡಿನಷ್ಟು ನಿಧಾನವಾಗಿದ್ದನ್ನು ಬೆನ್ನು ಹತ್ತಿ ಹೋದಾಗ ಸಿಕ್ಕಿದ್ದು. ಡೆಬಿಯನ್‌ನ ಟೆಸ್ಟಿಂಗ್, ಅನ್‌ಸ್ಟೇಬಲ್ ಆವೃತ್ತಿಗಳಿಗೆ ಅದು ಬಂದಿತ್ತು. ಸ್ಟೇಬಲ್‌ಗೆ ಬಂದಿರಲಿಲ್ಲ. ಸ್ಟೇಬಲ್ ಅಂದರೆ ಹಳೇ ಸರಕು ಅಂತ ಮೂಗು ಮುರಿಯುವವರು ಇದನ್ನು ನೆನಪಿಡಬೇಕು.

ಹಳೇ ಸರಕು ಅನ್ನುವುದೂ ಪೂರ್ತಿ ಸರಿಯಲ್ಲ. ಡೆಬಿಯನ್, ಉಬುಂಟು, ರೆಡ್ ಹ್ಯಾಟ್‌ನವರು ಹೊಸ ಆವೃತ್ತಿಯಲ್ಲಿರುವ ದುರಸ್ತಿಯನ್ನಷ್ಟೇ ಕಿತ್ತು ಹಳೇ ಆವೃತ್ತಿಗೆ ಹೊಲಿಯುತ್ತಾರೆ. ಹಾರ್ಟ್‌ಬ್ಲೀಡ್ ಸರಿಯಾಗಿದ್ದು ಓಪನ್ಎಸ್‌ಎಸ್‌ಎಲ್ 1.0.1ಜಿ ಆವೃತ್ತಿಯಲ್ಲಿ. ಆದರೆ ಡೆಬಿಯನ್ 7ರಲ್ಲಿ ಬಂದ ಸರಿಯಾದ ಪ್ಯಾಕೇಜಿನ ಆವೃತ್ತಿ 1.0.1ಇ-2+ಡೆಬ್7ಯು5. ಮೊದಲ ಭಾಗ ‘ಇ’ ಅಂತಲೇ ಉಳಿಯಿತು, ಬದಲಾಗಿದ್ದು ಬಾಲ. ಆಡಿಟ್‌ಗೆ ಬಂದವರ ಸ್ಕ್ಯಾನರ್ ಮೊದಲ ಭಾಗ ಮಾತ್ರ ಓದಿ ಕೆಂಪು ಬಣ್ಣದ ವರದಿ ಕೊಡುತ್ತದೆ. ಜಗಳ ಆಡಬೇಡಿ. ಎಪಿಟಿ ಚೇಂಜ್‌ಲಾಗ್ ತೆಗೆದು ಆ ತೂತಿನ ಸಿವಿಇ ನಂಬರ್ (ತೂತುಗಳಿಗೆ ಕೊಡುವ ಗುರುತಿನ ಸಂಖ್ಯೆ) ಇರುವ ಸಾಲನ್ನು ತೋರಿಸಿ. ವೆಬ್‌ಸೈಟಿನಿಂದ ಹೊಸ ಸೋರ್ಸ್ ತಂದು ಕೈಯಾರೆ ಕಂಪೈಲ್ ಮಾಡಿ ಆಡಿಟರ್‌ಗೆ ಸಮಾಧಾನ ಮಾಡಲು ಹೋದರೆ, ಅವತ್ತಿನಿಂದ ಆ ಪ್ಯಾಕೇಜ್‌ಗೆ ಅಪ್‌ಡೇಟ್ ತರುವ ಹೊಣೆ ನಿಮ್ಮದೇ.

ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವು.

‘ಅಪ್‌ಗ್ರೇಡ್ ಕೊಟ್ಟಾಗ ಕೆಲವು ಪ್ಯಾಕೇಜ್ ಕೆಪ್ಟ್ ಬ್ಯಾಕ್ ಅಂತ ಬರುತ್ತೆ ಸರ್, ಏನೋ ಕೆಟ್ಟಿದೆಯಾ?’

ಬಹಳ ಸಲ ಏನೂ ಕೆಟ್ಟಿರುವುದಿಲ್ಲ. ಉಬುಂಟು ಮಾಮೂಲಿ ಅಪ್‌ಡೇಟ್‌ಗಳನ್ನು ಎಲ್ಲರಿಗೂ ಒಂದೇ ದಿನ ಬಿಡುವುದಿಲ್ಲ, ಹಂತ ಹಂತವಾಗಿ ಬಿಡುತ್ತದೆ. ನಿಮ್ಮ ಸರದಿ ಬಂದಿಲ್ಲ ಅಷ್ಟೇ. ಕಾಯಿರಿ. ಈಗಿರುವ ಪ್ಯಾಕೇಜ್ ಒಂದನ್ನು ತೆಗೆಯಬೇಕಾಗಿ ಬಂದು ನಿಂತಿದ್ದರೆ ಮಾತ್ರ ಫುಲ್ ಅಪ್‌ಗ್ರೇಡ್ ನೋಡಿ. ಅದು ಏನನ್ನು ತೆಗೆಯುತ್ತೇನೆ ಅನ್ನುತ್ತದೋ ಆ ಪಟ್ಟಿ ಓದದೆ ವೈ ಒತ್ತಬೇಡಿ.

‘ಕಾನ್ಫಿಗ್ ಫೈಲ್ ಬದಲಾಗಿದೆ, ಯಾವುದು ಇಟ್ಟುಕೊಳ್ಳಲಿ ಅಂತ ಕೇಳುತ್ತಲ್ಲ?’

ಅನುಮಾನ ಇದ್ದರೆ ನಿಮ್ಮದನ್ನೇ ಇಟ್ಟುಕೊಳ್ಳಿ, ಸುಮ್ನೆ ಎಂಟರ್ ಒತ್ತಿದರೂ ಅದೇ ಆಗುತ್ತದೆ. ಮೊದಲು ಡಿ ಒತ್ತಿದರೆ ಎರಡಕ್ಕೂ ಇರುವ ವ್ಯತ್ಯಾಸ ತೋರಿಸುತ್ತದೆ.

‘ಸೆಂಟ್‌ಒಎಸ್ 7 ಇನ್ನೂ ಓಡ್ತಾ ಇದೆ. ಏನೂ ತೊಂದರೆ ಇಲ್ಲ. ಬಿಡಬಹುದಾ?’

ಅದಕ್ಕೆ ಅಪ್‌ಡೇಟ್ ನಿಂತದ್ದು 2024ರ ಜೂನ್ 30ಕ್ಕೆ. ‘ವೈಯುಎಂ ಅಪ್‌ಡೇಟ್‌ನಲ್ಲಿ ಏನೂ ಬಾಕಿ ಇಲ್ಲ’ ಅನ್ನುವುದು ಅಲ್ಲಿ ಸಿಹಿ ಸುದ್ದಿ ಅಲ್ಲ. ಅದರ ಜಾಗ ತುಂಬುವ ರಾಕಿ ಅಥವಾ ಆಲ್ಮಾ ಲಿನಕ್ಸ್ ಕಡೆ ಹೋಗಿ. ಇದ್ದ ಸರ್ವರನ್ನೇ ಎಳೆದಾಡುವುದಕ್ಕಿಂತ ಪಕ್ಕದಲ್ಲಿ ಹೊಸದು ಎಬ್ಬಿಸಿ ಡೇಟಾ ಸಾಗಿಸುವುದು ನನಗೆ ಇಷ್ಟ. ಉಬುಂಟು 20.04 ಇಟ್ಟುಕೊಂಡವರಿಗೂ ಮಾಮೂಲಿ ಬೆಂಬಲ 2025ರ ಮೇ ತಿಂಗಳಿಗೆ ಮುಗಿದಿದೆ.

‘ರಾತ್ರಿ ತಾನಾಗೇ ಅಪ್‌ಡೇಟ್ ಆಗಿ ರೀಬೂಟ್ ಆಗೋ ಹಾಗೆ ಇಡಬಹುದಾ?’

ಇಡಬಹುದು. ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಉಬುಂಟು ಸರ್ವರ್‌ನಲ್ಲಿ ಮೊದಲೇ ಇರುತ್ತದೆ. ಮಾಮೂಲಿಯಾಗಿ ಸೆಕ್ಯುರಿಟಿ ಅಪ್‌ಡೇಟ್ ಹಾಕುತ್ತದೆ, ರೀಬೂಟ್ ಮಾಡುವುದಿಲ್ಲ. ಅದರ ಕಾನ್ಫಿಗ್‌ನಲ್ಲಿ ‘ಆಟೋಮ್ಯಾಟಿಕ್ ರೀಬೂಟ್’ ಸಾಲನ್ನು ಟ್ರೂ ಮಾಡಿ, ಕೆಳಗೇ ಸಮಯ ಬರೆಯುವ ಸಾಲಿದೆ. ನಿಮ್ಮ ಬ್ಯಾಕಪ್ ಎಷ್ಟು ಗಂಟೆಗೆ ಓಡುತ್ತದೆ ಅಂತ ಮೊದಲು ನೋಡಿಕೊಳ್ಳಿ, ಎರಡೂ ಒಂದೇ ಹೊತ್ತಿಗೆ ಬೀಳಬಾರದು. ಎರಡು ಸರ್ವರ್ ಇದ್ದರೆ ಒಂದೇ ರಾತ್ರಿ ಒಂದೇ ಗಂಟೆ ಕೊಡಬೇಡಿ. ರೀಬೂಟ್ ಆದಮೇಲೆ ಎಲ್ಲ ಸರ್ವೀಸ್ ತಾನಾಗಿ ಏಳುತ್ತವಾ ಅನ್ನುವುದನ್ನು ಒಂದು ಸಲ ಹಗಲು ಹೊತ್ತಲ್ಲಿ, ನೀವೇ ಎದುರಿಗೆ ಕೂತು ನೋಡಿ. ಕೈಯಾರೆ ಸ್ಟಾರ್ಟ್ ಮಾಡಿ, ಎನೇಬಲ್ ಮಾಡುವುದನ್ನು ಬಿಟ್ಟ ಸರ್ವೀಸ್ ಒಂದಾದರೂ ಸಿಗುತ್ತದೆ. ಸಿಸ್ಟಮ್‌ಸಿಟಿಎಲ್‌ಗೆ ಎರಡು ಹೈಫನ್ ಫೇಲ್ಡ್ ಅಂತ ಕೊಟ್ಟರೆ ಎದ್ದು ಬಿದ್ದದ್ದು ಕಾಣುತ್ತದೆ, ಏಳಲೇ ಇಲ್ಲದ್ದು ಕಾಣುವುದಿಲ್ಲ. ಹಾಗಾಗಿ ರೀಬೂಟ್‌ಗೆ ಮೊದಲು ಓಡುತ್ತಿರುವ ಸರ್ವೀಸ್‌ಗಳ ಪಟ್ಟಿಯನ್ನು ಒಂದು ಫೈಲಿಗೆ ತೆಗೆದಿಟ್ಟು, ಆಮೇಲಿನ ಪಟ್ಟಿಯ ಜೊತೆ ಡಿಫ್ ಹಾಕಿ ನೋಡಿ.